ಹೇಳಿದರೆ ಹಚ್ಚಿಕೊಳ್ಳುವಂತಿರಬೇಕು: ಸನ್‌ಸ್ಕ್ರೀನ್ ಸಂದೇಶಕ್ಕೆ ಹನ್ನೆರಡು ಸೂತ್ರಗಳು

ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನುವುದು ಆಸ್ಟ್ರೇಲಿಯಾದಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಅಲ್ಲಿ ಎಪ್ಪತ್ತು ತುಂಬುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಯಾವುದೋ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ. ಹೆಚ್ಚಿನವು ಕತ್ತರಿಸಿ ತೆಗೆದರೆ ವಾಸಿಯಾಗುವಂಥವು. ಮೆಲನೋಮ ಎಂಬ ಬಗೆ ಹಾಗಲ್ಲ, ತಡವಾಗಿ ಸಿಕ್ಕರೆ ಜೀವಕ್ಕೇ ಕುತ್ತು. ಇಷ್ಟೆಲ್ಲ ಗೊತ್ತಿದ್ದೂ ಜನ ಏನೂ ಹಚ್ಚಿಕೊಳ್ಳದೆ ಕಡಲತೀರಕ್ಕೆ, ಕ್ರಿಕೆಟ್ ಮೈದಾನಕ್ಕೆ, ಗದ್ದೆಗೆ ಹೊರಟುಬಿಡುತ್ತಾರೆ. ಅಂದಮೇಲೆ ಕೊರತೆ ಇರುವುದು ತಿಳಿವಳಿಕೆಯದಲ್ಲ. ತಿಳಿದದ್ದನ್ನು ಕೈಯಿಂದ ಮಾಡಿಸುವ ಮಾತು ಬೇಕು, ಆ ಮಾತು ಸರಿಯಾದ ಹೊತ್ತಿಗೆ ಕಿವಿಗೆ ಬೀಳಬೇಕು.

ಅಂಥ ಮಾತನ್ನು ಕಟ್ಟುವುದು ಹೇಗೆಂದು ಆಸ್ಟ್ರೇಲಿಯಾ ನಲವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕಲಿಯುತ್ತ ಬಂದಿದೆ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಈ ಸಂದೇಶಗಳ ನಡುವೆಯೇ ಬೆಳೆಯುತ್ತಿದ್ದಾರೆ. ಇಲ್ಲಿ ಕರ್ನಾಟಕದಲ್ಲೂ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ವೈದ್ಯರು, ಸಂಘದ ಪದಾಧಿಕಾರಿಗಳು ಒಂದಲ್ಲ ಒಂದು ಆರೋಗ್ಯದ ಮಾತನ್ನು ಜನರಿಗೆ ಮುಟ್ಟಿಸಲೇಬೇಕು. ಈ ಸೂತ್ರಗಳು ಅವರೆಲ್ಲರಿಗಾಗಿ.

1. ಹೆದರಿಸಿ ಅಲ್ಲಿಗೇ ಬಿಡಬೇಡಿ, ಕೈಗೆ ಕೆಲಸ ಕೊಡಿ

ಕ್ಯಾನ್ಸರ್ ಅಂದ ಕೂಡಲೇ ನಮ್ಮ ಕೈ ಹೋಗುವುದು ಹುಣ್ಣಿನ ಫೋಟೊ ಕಡೆಗೆ. ಭಯಕ್ಕೆ ಬಲವಿದೆ ನಿಜ. ಆದರೆ ಅದು ಕೆಲಸ ಮಾಡಲು ಎರಡು ನಂಬಿಕೆ ಜೊತೆಯಾಗಿ ಇರಬೇಕೆಂದು ಸಂವಹನ ವಿದ್ವಾಂಸೆ ಕಿಮ್ ವಿಟ್ 1992ರಲ್ಲಿ ಪ್ರತಿಪಾದಿಸಿದರು. ‘ಇದು ನನಗೂ ಬರಬಹುದು’ ಎನ್ನುವುದು ಒಂದು. ‘ಇದನ್ನು ತಡೆಯುವುದು ನನ್ನ ಕೈಯಲ್ಲಿದೆ’ ಎನ್ನುವುದು ಇನ್ನೊಂದು. ಮೊದಲನೆಯದನ್ನಷ್ಟೇ ತುಂಬಿ ಎರಡನೆಯದನ್ನು ಬಿಟ್ಟರೆ ಜನ ಅಪಾಯದಿಂದಲ್ಲ, ಆ ಭಯದಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಾರೆ. ಪುಟ ತಿರುವುತ್ತಾರೆ, ಚಾನೆಲ್ ಬದಲಿಸುತ್ತಾರೆ, ‘ಹಣೆಬರಹ ತಪ್ಪಿಸೋಕಾಗುತ್ತಾ’ ಎಂದು ಕೈಚೆಲ್ಲುತ್ತಾರೆ.

ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ 1981ರಲ್ಲಿ ಟೀವಿಗೆ ತಂದ ಜಾಹೀರಾತಿನಲ್ಲಿ ಹುಣ್ಣೂ ಇರಲಿಲ್ಲ, ಆಸ್ಪತ್ರೆಯ ಹಾಸಿಗೆಯೂ ಇರಲಿಲ್ಲ. ಅಲೆಕ್ಸ್ ಸ್ಟಿಟ್ ಎಂಬ ಕಲಾವಿದ ಬರೆದ ಸಿಡ್ ಎನ್ನುವ ಕಡಲಹಕ್ಕಿ ಕುಣಿಯುತ್ತ ಹಾಡುತ್ತಿತ್ತು. ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಆ ಪ್ರಚಾರ ಹೇಳಿದ್ದು ಮೂರೇ ಕೆಲಸ: ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಇಡಿ. ನೆರಳು ಹುಡುಕಿ, ತಂಪು ಕನ್ನಡಕ ಹಾಕಿ ಎಂಬ ಇನ್ನೆರಡು 2007ರಲ್ಲಿ ಸೇರಿಕೊಂಡವು. ಐದರಲ್ಲಿ ಒಂದೂ ಉಪದೇಶವಲ್ಲ, ಐದೂ ಕ್ರಿಯೆ. ನಿಮ್ಮ ಸಂದೇಶದಲ್ಲಿ ಇಂಥ ಕ್ರಿಯಾಪದ ಎಷ್ಟಿವೆ ಎಂದು ಎಣಿಸಿ ನೋಡಿ. ‘ಜಾಗೃತರಾಗಿರಿ’ ಅನ್ನುವುದು ಲೆಕ್ಕಕ್ಕಿಲ್ಲ.

2. ಕಳೆದುಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದನ್ನು ಮುಂದಿಡಿ

‘ಹಚ್ಚದಿದ್ದರೆ ಚರ್ಮ ಹಾಳಾಗುತ್ತದೆ’, ‘ಹಚ್ಚಿದರೆ ಚರ್ಮ ಆರೋಗ್ಯವಾಗಿ ಉಳಿಯುತ್ತದೆ’. ವಿಷಯ ಒಂದೇ, ಪರಿಣಾಮ ಒಂದೇ ಅಲ್ಲ. ಮನೋವಿಜ್ಞಾನಿಗಳಾದ ಅಲೆಕ್ಸಾಂಡರ್ ರಾಥ್‌ಮನ್, ಪೀಟರ್ ಸಲೋವೆ ಇದ್ದ ಅಮೆರಿಕದ ತಂಡವೊಂದು ಕಡಲತೀರಕ್ಕೆ ಬಂದಿದ್ದ 217 ಜನರಿಗೆ ಈ ಎರಡು ಬಗೆಯ ಕರಪತ್ರಗಳನ್ನು ಹಂಚಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ಲಾಭದ ಮಾತು ಓದಿದವರು ಸನ್‌ಸ್ಕ್ರೀನ್ ಕೇಳಿ ಪಡೆದದ್ದು ಹೆಚ್ಚು, ಮತ್ತೆ ಹಚ್ಚಿಕೊಳ್ಳುವ ಮನಸ್ಸು ಮಾಡಿದ್ದೂ ಹೆಚ್ಚು. ಆಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಈ ವ್ಯತ್ಯಾಸ ದೊಡ್ಡದಲ್ಲವೆಂದು ಕಂಡಿತು. ಆದರೂ ತಡೆಗಟ್ಟುವ ಅಭ್ಯಾಸಗಳ ವಿಷಯದಲ್ಲಿ ತಕ್ಕಡಿ ಲಾಭದ ಮಾತಿನ ಕಡೆಗೇ ವಾಲುತ್ತದೆ. ಎರಡಕ್ಕೂ ತಗಲುವ ಖರ್ಚು ಒಂದೇ ಆಗಿರುವಾಗ ಒಳ್ಳೆಯದನ್ನೇ ಆರಿಸಿಕೊಳ್ಳಿ.

ಒಂದು ಅಪವಾದವಿದೆ. ಮಚ್ಚೆ ಬದಲಾಗಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವಾಗ ಇದೇ ತರ್ಕ ತಲೆಕೆಳಗಾಗಬಹುದು. ‘ತಡಮಾಡಿದರೆ ಏನಾದೀತು’ ಎಂಬ ಮಾತು ಅಲ್ಲಿ ಹೆಚ್ಚು ನಾಟೀತು ಎನ್ನುವುದು ಇದೇ ವಿದ್ವಾಂಸರ ವಾದ.

3. ಒಂದೇ ಪುರಾವೆ ಸಾಕು, ಅದು ಗಟ್ಟಿಯಾಗಿರಲಿ

‘ಸನ್‌ಸ್ಕ್ರೀನ್ ನಿಜವಾಗಿ ಕ್ಯಾನ್ಸರ್ ತಡೆಯುತ್ತಾ, ಇಲ್ಲಾ ಕಂಪನಿಯವರ ವ್ಯಾಪಾರವಾ?’ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದ ಪ್ರಶ್ನೆಯೂ ಹೌದು. ಉತ್ತರ ಕ್ವೀನ್ಸ್‌ಲ್ಯಾಂಡ್‌ನ ನಾಂಬೂರ್ ಎಂಬ ಸಣ್ಣ ಊರಲ್ಲಿದೆ.

ಏಡೆಲ್ ಗ್ರೀನ್ ನೇತೃತ್ವದ ತಂಡ 1992ರಲ್ಲಿ ಆ ಊರಿನ 1,621 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ತಲೆ, ಕುತ್ತಿಗೆ, ತೋಳು, ಕೈಗಳಿಗೆ ದಿನವೂ ಹಚ್ಚಿಕೊಳ್ಳಲು ಸನ್‌ಸ್ಕ್ರೀನ್ ಕೊಟ್ಟರು. ಇನ್ನೊಂದು ಗುಂಪಿನವರು ತಮ್ಮ ಎಂದಿನ ರೂಢಿಯಂತೆ ಇದ್ದರು. ನಾಲ್ಕೂವರೆ ವರ್ಷದ ಕೊನೆಗೆ ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಗಡ್ಡೆಗಳು ನೂರಕ್ಕೆ ಸುಮಾರು 40ರಷ್ಟು ಕಡಿಮೆ ಇದ್ದವು. ಬೇಸಲ್ ಸೆಲ್ ಎಂಬ ಇನ್ನೊಂದು ಬಗೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಮುಗಿದ ಮೇಲೂ ಹತ್ತು ವರ್ಷ ಅವರ ಆರೋಗ್ಯದ ಲೆಕ್ಕ ಇಟ್ಟು 2011ರಲ್ಲಿ ಪ್ರಕಟಿಸಿದಾಗ, ರೂಢಿಯಂತಿದ್ದ ಗುಂಪಿನಲ್ಲಿ 22 ಮೆಲನೋಮ, ದಿನವೂ ಹಚ್ಚಿದ ಗುಂಪಿನಲ್ಲಿ 11.

ಜನರಿಗೆ ಹೇಳುವಾಗ ಶೇಕಡಾವಾರು ಬೇಡ, ‘ಒಂದೇ ಊರು, ಎರಡು ಗುಂಪು, ಇಲ್ಲಿ 22, ಅಲ್ಲಿ 11’ ಎನ್ನಿ. ಬೇಸಲ್ ಸೆಲ್ ವಿಷಯ ಕೇಳಿದರೆ ಅದನ್ನೂ ಮುಚ್ಚಿಡದೆ ಹೇಳಿ. ತನಗೆ ಅನುಕೂಲವಲ್ಲದ ಸತ್ಯವನ್ನೂ ಹೇಳುವವರ ಮಾತನ್ನು ಜನ ನಂಬುತ್ತಾರೆ.

4. ಮೂವತ್ತು ವರ್ಷದಾಚೆಯ ಕಾಯಿಲೆಗಿಂತ ಇವತ್ತಿನ ಕನ್ನಡಿ ಹತ್ತಿರ

ಹದಿನೇಳರ ಹುಡುಗನಿಗೆ ಐವತ್ತರಲ್ಲಿ ಬರಬಹುದಾದ ಕಾಯಿಲೆ ಬೇರೆ ಯಾರದೋ ಕಾಯಿಲೆ. ಮುಖದ ಸುಕ್ಕು, ಕಲೆ ಅವನಿಗೆ ಅರ್ಥವಾಗುತ್ತವೆ. ಬಿಸಿಲಿನಿಂದ ಚರ್ಮದೊಳಗೆ ಆಗಿರುವ ಹಾನಿಯನ್ನು ತೋರಿಸುವ ನೇರಳಾತೀತ ಕ್ಯಾಮೆರಾದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಖದ ಫೋಟೊ ತೆಗೆದು ಅವರಿಗೇ ತೋರಿಸುವ ಪ್ರಯೋಗಗಳನ್ನು ಹೈಕೆ ಮಾಹ್ಲರ್ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ನಡೆಸಿದರು. ತಮ್ಮದೇ ಮುಖದ ಚುಕ್ಕೆಗಳನ್ನು ಕಂಡವರು ಬಿಸಿಲಿನಿಂದ ಕಾಪಾಡಿಕೊಳ್ಳುವುದರಲ್ಲಿ ಮುಂದಾದರು. ಸೆಲ್ಫಿಯಲ್ಲೇ ಮುಂದಿನ ವರ್ಷಗಳ ಮುಖವನ್ನು ತೋರಿಸುವ ‘ಸನ್‌ಫೇಸ್’ ಎಂಬ ಆ್ಯಪನ್ನು ಬ್ರೆಜಿಲ್‌ನ ಶಾಲೆಗಳಲ್ಲಿ ಬಳಸಿ ನೋಡಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚುವ ಮಕ್ಕಳ ಪ್ರಮಾಣ ಆರು ತಿಂಗಳಲ್ಲಿ ನೂರಕ್ಕೆ 15ರಿಂದ ಸುಮಾರು 23ಕ್ಕೆ ಏರಿತು. ಇದು ಬರಿಯ ಹುಸಿ ಆಸೆ ಹುಟ್ಟಿಸುವ ತಂತ್ರವೂ ಅಲ್ಲ. ದಿನವೂ ಹಚ್ಚಿದವರ ಕೈಚರ್ಮಕ್ಕೆ ವಯಸ್ಸಾಗುವುದು ನೂರಕ್ಕೆ 24ರಷ್ಟು ಕಡಿಮೆಯೆಂದು ಅದೇ ನಾಂಬೂರ್ ಪ್ರಯೋಗದಿಂದ 2013ರಲ್ಲಿ ತಿಳಿದುಬಂತು.

ಇಲ್ಲಿ ಕನ್ನಡದ ಬರಹಗಾರರಿಗೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಆಸ್ಟ್ರೇಲಿಯಾದ ಬಿಳಿಯರ ನಡುವೆ ಚಂದದ ಮಾತು ಎಂದರೆ ಮೈಯನ್ನು ಬಿಸಿಲಿಗೆ ಕಾಯಿಸಿ ಕಂದು ಮಾಡಿಕೊಳ್ಳುವ ಚಟದ ವಿರುದ್ಧದ ಮಾತು. ನಮ್ಮಲ್ಲಿ ಅದೇ ಮಾತು ನೇರವಾಗಿ ಬಣ್ಣದ ಕೀಳರಿಮೆಗೆ ಹೋಗಿ ತಾಗುತ್ತದೆ. ‘ಬಿಸಿಲಿಗೆ ಹೋಗ್ಬೇಡ ಕಣೇ, ಕಪ್ಪಾಗ್ತೀಯ’ ಎಂಬುದನ್ನು ಕೇಳದೆ ಬೆಳೆದ ಹೆಣ್ಣುಮಗು ನಮ್ಮಲ್ಲಿ ಅಪರೂಪ. ಇಲ್ಲಿ ಎಷ್ಟೋ ಸನ್‌ಸ್ಕ್ರೀನ್ ಜಾಹೀರಾತುಗಳು ಮಾರುವುದೂ ಈ ಹೆದರಿಕೆಯನ್ನೇ. ಅದು ಕೆಲಸ ಮಾಡುತ್ತದೆ, ಬಾಟಲಿ ಖರ್ಚಾಗುತ್ತದೆ. ಆದರೂ ಆರೋಗ್ಯದ ಹೆಸರಿನಲ್ಲಿ ಆ ದಾರಿ ಹಿಡಿಯಬಾರದು. ಚರ್ಮವನ್ನು ಕಾಪಾಡುವ ಸಂದೇಶ ಆ ಚರ್ಮದ ಬಣ್ಣವನ್ನು ಅವಮಾನಿಸಿದರೆ ಗೆದ್ದದ್ದಕ್ಕಿಂತ ಕಳೆದದ್ದೇ ಹೆಚ್ಚು. ಕಲೆ, ಸುಕ್ಕು, ಸುಟ್ಟ ಉರಿ, ಇಷ್ಟನ್ನು ಹೇಳಿ. ‘ಕಪ್ಪಾಗುತ್ತೀರಿ’ ಎನ್ನುವುದನ್ನು ಸಂದೇಶದಿಂದ ಪೂರ್ತಿಯಾಗಿ ತೆಗೆದುಹಾಕಿ.

5. ಅಳತೆಯನ್ನು ಚಮಚದಲ್ಲಿ ಹೇಳಿ

ಬಾಟಲಿಯ ಮೇಲೆ ಬಿಸಿಲು ತಡೆಯುವ ಶಕ್ತಿಯನ್ನು ತಿಳಿಸುವ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ ಎರಡು ಮಿಲಿಗ್ರಾಂ ಹಚ್ಚಿ. ಜನ ಹಚ್ಚುವುದು ಅದರ ಕಾಲು ಭಾಗ, ಬಹಳವೆಂದರೆ ಅರ್ಧ. ಮಿಲಿಗ್ರಾಂ ಲೆಕ್ಕ ಹೇಳಿದರೆ ಯಾರಿಗೆ ಏನು ತಿಳಿದೀತು? ಆಸ್ಟ್ರೇಲಿಯಾದವರು ಅದನ್ನು ಟೀ ಚಮಚಕ್ಕೆ ಇಳಿಸಿದರು: ಮುಖ, ಕಿವಿ, ಕುತ್ತಿಗೆ ಸೇರಿ ಒಂದು, ಒಂದೊಂದು ತೋಳಿಗೂ ಒಂದು, ಒಂದೊಂದು ಕಾಲಿಗೂ ಒಂದು, ಎದೆ ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು ಏಳು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಈಜಿದರೆ ಬೆವರಿದರೆ ಕೂಡಲೇ. ಸೀರೆ, ಪೂರ್ಣ ತೋಳಿನ ಅಂಗಿ, ಪ್ಯಾಂಟು ತೊಟ್ಟವರಿಗೆ ಏಳು ಬೇಕಿಲ್ಲ. ಬಿಸಿಲು ಬೀಳುವ ಜಾಗಕ್ಕಷ್ಟೇ ಸಾಕು ಎಂಬುದನ್ನೂ ಸೇರಿಸಿ ಹೇಳಿ, ಇಲ್ಲದಿದ್ದರೆ ಖರ್ಚಿನ ಲೆಕ್ಕ ಕೇಳಿಯೇ ಜನ ಕೈಬಿಡುತ್ತಾರೆ.

6. ದೊಡ್ಡ ಸಂಖ್ಯೆಯ ಆಸೆ ಬಿಡಿಸಿ

ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 93 ಭಾಗ ತಡೆಯುತ್ತದೆ. 30 ತಡೆಯುವುದು 97, 50 ತಡೆಯುವುದು 98. ದುಬಾರಿ ಬಾಟಲಿಯಿಂದ ಜಿಪುಣತನದಲ್ಲಿ ಒಂದು ಹನಿ ಹಚ್ಚುವುದಕ್ಕಿಂತ, 30ರ ಸಾಧಾರಣ ಬಾಟಲಿಯಿಂದ ಧಾರಾಳವಾಗಿ ಹಚ್ಚುವುದು ಮೇಲು. ಇಷ್ಟು ಹೇಳಿದರೆ ಕೇಳುವವರ ಜೇಬಿಗೂ ಉಪಕಾರ.

7. ಸೆಕೆ ಬೇರೆ, ನೇರಳಾತೀತ ಕಿರಣ ಬೇರೆ

‘ಇವತ್ತು ಅಷ್ಟೇನೂ ಬಿಸಿಲಿಲ್ಲವಲ್ಲ’ ಎನ್ನುವುದು ಸನ್‌ಸ್ಕ್ರೀನ್ ಹಚ್ಚದಿರಲು ಎಲ್ಲ ದೇಶದಲ್ಲೂ ಕೊಡುವ ನೆಪ. ಮೈಗೆ ತಾಗುವ ಬಿಸಿ ಸೂರ್ಯನ ಇನ್ನೊಂದು ಬಗೆಯ ಕಿರಣದ್ದು. ಚರ್ಮದ ಕೋಶಗಳ ಡಿಎನ್‌ಎ ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ತಿಳಿಯದು, ತೆಳು ಮೋಡವನ್ನೂ ತೂರಿ ಬರುತ್ತದೆ. ಕಾಣದ್ದನ್ನು ಕಾಣಿಸಲಿಕ್ಕೆಂದೇ ಕೆನಡಾ 1992ರಲ್ಲಿ ಯುವಿ (ನೇರಳಾತೀತ) ಸೂಚ್ಯಂಕವನ್ನು ರೂಪಿಸಿತು, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗತ್ತಿಗೆಲ್ಲ ಒಪ್ಪಿಸಿತು. ಆಸ್ಟ್ರೇಲಿಯಾದಲ್ಲಿ ಮಳೆ, ತಾಪಮಾನದ ಜೊತೆಗೇ ಹವಾಮಾನ ಇಲಾಖೆ ಇದನ್ನೂ ದಿನವೂ ತಿಳಿಸುತ್ತದೆ. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು. ಒಂದು ಸಂಖ್ಯೆ, ಒಂದು ಗೆರೆ, ಗೆರೆ ದಾಟಿದರೆ ಒಂದು ಕೆಲಸ. ಬೆಂಗಳೂರಿನಲ್ಲಿ ಬೇಸಿಗೆಯ ನಡುಮಧ್ಯಾಹ್ನ ತಿಳಿಯಾಗಿದ್ದರೆ ಈ ಸಂಖ್ಯೆ 11ಕ್ಕೂ ಏರುತ್ತದೆ, ಗಾಳಿ ಎಷ್ಟೇ ಹಿತವಾಗಿ ಬೀಸುತ್ತಿದ್ದರೂ.

8. ಮಾತು ಹೊತ್ತಿಗೆ ಸರಿಯಾಗಿ ಬರಲಿ

ಜನವರಿಯಲ್ಲಿ ಓದಿದ ಲೇಖನ ಏಪ್ರಿಲ್‌ನ ಬಿಸಿಲಿಗೆ ಒದಗುವುದಿಲ್ಲ. ಅಮೆರಿಕದ ಚರ್ಮವೈದ್ಯೆ ಏಪ್ರಿಲ್ ಆರ್ಮ್‌ಸ್ಟ್ರಾಂಗ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಎಪ್ಪತ್ತು ಜನರಿಗೆ ಸನ್‌ಸ್ಕ್ರೀನ್ ಕೊಟ್ಟು, ಮುಚ್ಚಳ ತೆಗೆದಾಗೆಲ್ಲ ತಾನಾಗಿ ದಾಖಲಾಗುವ ಉಪಕರಣವನ್ನು ಟ್ಯೂಬಿಗೆ ಜೋಡಿಸಿದರು. ಅರ್ಧ ಜನಕ್ಕೆ ದಿನವೂ ಮೊಬೈಲಿಗೆ ಒಂದು ಚಿಕ್ಕ ಸಂದೇಶ: ಆ ದಿನದ ಹವಾಮಾನ, ಹಚ್ಚಿಕೊಳ್ಳಿ ಎಂಬ ನೆನಪೋಲೆ. ಆರು ವಾರದ ಕೊನೆಗೆ ಸಂದೇಶ ಬರುತ್ತಿದ್ದವರು ನೂರಕ್ಕೆ 56 ದಿನ ಹಚ್ಚಿದ್ದರು, ಬಾರದಿದ್ದವರು 30 ದಿನ. ಹೊಸ ವಿಷಯ ಹೇಳದೆ, ಭಯ ಹುಟ್ಟಿಸದೆ, ಬರೀ ನೆನಪಿಸಿದ್ದಕ್ಕೆ ಸಿಕ್ಕ ಫಲ ಇದು.

ಇದನ್ನು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಇಳಿಸುವುದು ಕಷ್ಟವಲ್ಲ. ಮೆಲ್ಬರ್ನಿನಲ್ಲಿ ಮಕ್ಕಳ ಕ್ರಿಕೆಟ್ ತಂಡ ನಡೆಸುವ ಅಪ್ಪಂದಿರು ಶನಿವಾರ ಬೆಳಿಗ್ಗೆ ಹೀಗೆ ಬರೆಯಬಹುದು: ‘ಆಟ ಹತ್ತಕ್ಕೆ. ಇವತ್ತು ಯುವಿ 9. ಮನೆ ಬಿಡುವ ಮುಂಚೆಯೇ ಮಕ್ಕಳ ಮುಖ, ಕಿವಿ, ಕುತ್ತಿಗೆ, ತೋಳಿಗೆ ಹಚ್ಚಿಬಿಡಿ. ಹನ್ನೆರಡಕ್ಕೆ ನೀರಿನ ವಿರಾಮದಲ್ಲಿ ಮತ್ತೊಮ್ಮೆ. ಬಾಟಲಿ ಸ್ಕೋರರ್ ಮೇಜಿನ ಮೇಲಿರುತ್ತೆ.’ ಯಾವಾಗ, ಎಲ್ಲಿ, ಏನು ಎಂಬ ಮೂರೂ ಇದರಲ್ಲಿವೆ. ‘ಚರ್ಮದ ಕ್ಯಾನ್ಸರ್ ಜಾಗೃತಿ ಮೂಡಿಸೋಣ’ ಎಂಬ ಹೂವಿನ ಚಿತ್ರದ ಸಂದೇಶವನ್ನು ನೂರು ಬಾರಿ ಮುಂದೆ ಕಳಿಸಿದರೂ ಇಷ್ಟು ಕೆಲಸ ಆಗದು.

9. ಯಾರ ಬಾಯಲ್ಲಿ ಹೇಳಿಸುತ್ತೀರಿ ಎಂಬುದೇ ಅರ್ಧ ಸಂದೇಶ

ಎಂಬತ್ತು ತೊಂಬತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ನೋಡಿದವರಿಗೆ ಆಟಗಾರರ ಮೂಗಿನ ಮೇಲೆ, ತುಟಿಯ ಮೇಲೆ ಬಳಿದ ಬಿಳಿ ಪಟ್ಟಿ ನೆನಪಿರುತ್ತದೆ. ಅದು ಜಿಂಕ್ ಕ್ರೀಮು, ನೇರಳಾತೀತ ಕಿರಣವನ್ನು ತಡೆಯುವ ಜಿಂಕ್ ಆಕ್ಸೈಡ್. ಒಂದು ಮಾತೂ ಆಡದೆ ಆ ಆಟಗಾರರು ಹಚ್ಚಿಕೊಳ್ಳುವುದನ್ನು ಗಂಡಸುತನದ ಲಕ್ಷಣವನ್ನಾಗಿ ಮಾಡಿಬಿಟ್ಟರು. ಉಲ್ಟಾ ಉದಾಹರಣೆಯೂ ಕ್ರಿಕೆಟ್ಟಿನಲ್ಲೇ ಇದೆ. ನಮ್ಮ ಕಿವಿಗಳಿಗೂ ಪರಿಚಿತ ದನಿಯಾಗಿದ್ದ ವೀಕ್ಷಕ ವಿವರಣೆಕಾರ ರಿಚಿ ಬೆನೊ, ತಮ್ಮ ಹಣೆ ಮತ್ತು ನೆತ್ತಿಯ ಚರ್ಮದ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ ಎಂದು 2014ರ ನವೆಂಬರಿನಲ್ಲಿ ತಿಳಿಸಿದರು. ಹುಡುಗನಾಗಿದ್ದಾಗ ಟೋಪಿ ಹಾಕುತ್ತಿರಲಿಲ್ಲ, ಏಕೆಂದರೆ ತಮ್ಮ ಆರಾಧ್ಯ ಆಟಗಾರ ಕೀತ್ ಮಿಲ್ಲರ್ ಹಾಕುತ್ತಿರಲಿಲ್ಲ ಎಂದರು, ಎಲ್ಲರೂ ತಲೆಗೆ ರಕ್ಷಣೆ ಇಟ್ಟುಕೊಳ್ಳಿ ಎಂದು ಕೇಳಿಕೊಂಡರು. ಮರು ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ಒಬ್ಬ ನಾಯಕನ ಬರಿದಲೆಯನ್ನು ಅನುಕರಿಸಿದ ಹುಡುಗನ ಕಥೆಯನ್ನು ಅಂಥದೇ ಇನ್ನೊಬ್ಬ ನಾಯಕ ಸ್ವತಃ ಹೇಳಿದಾಗ ಅದಕ್ಕೆ ಯಾವ ಕರಪತ್ರವೂ ಸಾಟಿಯಲ್ಲ.

ಮೆಲ್ಬರ್ನಿನ ಕ್ಲೇರ್ ಆಲಿವರ್ ಅವರದು ಇನ್ನೂ ತೀಕ್ಷ್ಣವಾದ ಉದಾಹರಣೆ. ಸೋಲೇರಿಯಂ ಎನ್ನುವ ಅಂಗಡಿಗಳಲ್ಲಿ ವಿದ್ಯುತ್ ದೀಪದ ಹಾಸಿಗೆಯಲ್ಲಿ ಮಲಗಿ ಮೈಯನ್ನು ಕಂದು ಮಾಡಿಕೊಳ್ಳುವ ಪದ್ಧತಿ ಆಗ ಅಲ್ಲಿ ಮಾಮೂಲಾಗಿತ್ತು. ಮೆಲನೋಮದಿಂದ ಸಾಯುತ್ತಿದ್ದ ಈ ಯುವತಿ ತನ್ನ ಕೊನೆಯ ವಾರಗಳಲ್ಲಿ ಆ ಅಂಗಡಿಗಳ ವಿರುದ್ಧ ಪತ್ರಿಕೆ, ಟೀವಿಗಳಲ್ಲಿ ಮಾತಾಡಿ 2007ರ ಸೆಪ್ಟೆಂಬರಿನಲ್ಲಿ, 26ನೇ ವಯಸ್ಸಿಗೆ ಕಣ್ಣುಮುಚ್ಚಿದರು. ಆ ಮಾತಿಗೆ ಸರ್ಕಾರಗಳು ಕಿವಿಗೊಟ್ಟವು. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಯಂತ್ರಗಳನ್ನು ತಂಬಾಕಿನ ಸಾಲಿಗೇ ಸೇರಿಸಿತು. 2014ರ ಕೊನೆಗೆ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಮೊದಲಾದ ರಾಜ್ಯಗಳು ವಾಣಿಜ್ಯ ಸೋಲೇರಿಯಂಗಳನ್ನೇ ನಿಷೇಧಿಸಿದವು. ಅಂಕಿಅಂಶಕ್ಕೆ ಮುಖ ಬೇಕು. ಆದರೆ ಆ ಮುಖದ ಮನೆಯವರ ಒಪ್ಪಿಗೆಯಿಲ್ಲದೆ, ಅವರ ನೋವನ್ನು ಹಿಗ್ಗಿಸಿ ಬಳಸುವ ಹಕ್ಕು ಯಾರಿಗೂ ಇಲ್ಲ.

10. ಮಾತಿನ ಪಕ್ಕದಲ್ಲೇ ಬಾಟಲಿ ಇಡಿ

ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಟೋಪಿ ತಾರದ ಮಗುವಿಗೆ ಬಯಲಿನ ಆಟವಿಲ್ಲ, ನೆರಳಲ್ಲೇ ಆಡಬೇಕು. ಯಾರೂ ಭಾಷಣ ಮಾಡಬೇಕಿಲ್ಲ. ಎಸ್‌ಪಿಎಫ್ 15 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನಿಗೆ ಅಲ್ಲಿ ಜಿಎಸ್‌ಟಿ ಇಲ್ಲ. ಸಂದೇಶ ಒಪ್ಪಿದ ಮನಸ್ಸು ಅಂಗಡಿಗೆ ಹೋಗುವಷ್ಟರಲ್ಲಿ ತಣ್ಣಗಾಗುತ್ತದೆ, ಹಾಗಾಗಿ ಒಪ್ಪಿದ ಜಾಗದಲ್ಲೇ ಕೈಗೆ ಸಿಗಬೇಕು. ಸಂಘದ ವನಭೋಜನಕ್ಕೆ ಚಿತ್ರಾನ್ನ, ಮೊಸರನ್ನದ ಪಾತ್ರೆ ಇಡುವ ಮೇಜಿನ ತುದಿಯಲ್ಲೇ ಪಂಪಿರುವ ದೊಡ್ಡ ಬಾಟಲಿ ಇಡಿ. ಮೊದಲು ಪದಾಧಿಕಾರಿಗಳೇ ಎಲ್ಲರೆದುರು ಹಚ್ಚಿಕೊಳ್ಳಲಿ.

11. ಯಾರಿಗೆ ಎಷ್ಟು ಬೇಕೋ ಅಷ್ಟೇ ಹೇಳಿ

ಆಸ್ಟ್ರೇಲಿಯಾದ ಸಂದೇಶವನ್ನು ಹಾಗೇ ಎತ್ತಿ ರಾಯಚೂರಿನ ರೈತನ ಮುಂದಿಡುವುದು ಸರಿಯಲ್ಲ. ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿಗೆ ತಾನೇ ಒಂದು ಅಡ್ಡಗೋಡೆ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆಸ್ಟ್ರೇಲಿಯಾದ ತಜ್ಞರೇ ಇತ್ತೀಚಿನ ವರ್ಷಗಳಲ್ಲಿ ಚರ್ಮದ ಬಣ್ಣಕ್ಕೆ ತಕ್ಕಂತೆ ಸಲಹೆಯನ್ನು ಬೇರೆ ಬೇರೆ ಮಾಡಿದ್ದಾರೆ. ತೀರ ಗಾಢ ಬಣ್ಣದವರಿಗೆ ಕ್ಯಾನ್ಸರಿಗಿಂತ ವಿಟಮಿನ್ ಡಿ ಕೊರತೆಯೇ ಹತ್ತಿರದ ಚಿಂತೆ ಎಂಬುದನ್ನು ಒಪ್ಪಿದ್ದಾರೆ.

ಹಾಗೆಂದು ನಮಗೆ ಇದರ ಗೊಡವೆಯೇ ಇಲ್ಲವೆಂದಲ್ಲ. ನಮ್ಮಲ್ಲಿ ನಿಜವಾಗಿ ಅಪಾಯದಲ್ಲಿರುವವರನ್ನು ಹುಡುಕಿ ಹೇಳಬೇಕು. ಹುಟ್ಟಿನಿಂದಲೇ ಮೆಲನಿನ್ ಕೊರತೆಯಿರುವ ಆಲ್ಬಿನಿಸಂ ಮಕ್ಕಳು ಮೊದಲಿಗರು. ಇಂಥ ಮಗು ತರಗತಿಯಲ್ಲಿದ್ದರೆ ಪ್ರಾರ್ಥನೆಯ ಸಾಲಿನಲ್ಲಿ ಬಿಸಿಲಿಗೆ ನಿಲ್ಲಿಸಬೇಡಿ, ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಇವು ಆ ಮಗುವಿಗೆ ಔಷಧಿಯಷ್ಟೇ ಅಗತ್ಯ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೂ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚು. ಲೂಪಸ್ ಎಂಬ ಕಾಯಿಲೆ ಇರುವವರಿಗೆ ಬಿಸಿಲೇ ಅದನ್ನು ಕೆರಳಿಸುತ್ತದೆ. ಇವರಿಗೆ ಊರೆಲ್ಲ ಕೇಳುವ ಜಾಹೀರಾತು ಬೇಡ, ವೈದ್ಯರು, ನರ್ಸಮ್ಮ, ಮೇಷ್ಟರು ಮುಖ ನೋಡಿ ಹೇಳುವ ಎರಡು ಮಾತು ಬೇಕು.

ಇನ್ನೊಂದು ಸಂಗತಿ ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಕಾಣುವುದು ಬಿಸಿಲು ಬೀಳದ ಕಡೆ: ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿ ಶುರುವಾದ ಮೆಲನೋಮದಿಂದ. ಇದನ್ನು ಸನ್‌ಸ್ಕ್ರೀನ್ ತಡೆಯದು. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ಅಂಗಾಲಿನ ಕಪ್ಪು ಕಲೆ ಬೆಳೆಯುತ್ತಿದ್ದರೆ, ಗಾಯ ಮಾಯದಿದ್ದರೆ ಮುಳ್ಳು ಚುಚ್ಚಿದ್ದೆಂದು ಸುಮ್ಮನಿರಬಾರದು. ಕನ್ನಡದಲ್ಲಿ ಚರ್ಮದ ಕ್ಯಾನ್ಸರ್ ಬಗ್ಗೆ ಒಂದೇ ಒಂದು ಸಂದೇಶಕ್ಕೆ ಜಾಗವಿದೆ ಎಂದರೆ, ನಾನು ಆರಿಸುವುದು ‘ಸ್ನಾನ ಮಾಡುವಾಗ ಅಂಗಾಲು ನೋಡಿಕೊಳ್ಳಿ’ ಎಂಬುದನ್ನೇ.

ಸನ್‌ಸ್ಕ್ರೀನ್ ಒಂದನ್ನೇ ಹಾಡಿ ಹೊಗಳುವುದೂ ತಪ್ಪು. ಫ್ರೆಂಚ್ ಮತ್ತು ಸ್ವಿಸ್ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಬಳಸಲು ಎಸ್‌ಪಿಎಫ್ 10 ಮತ್ತು 30ರ ಟ್ಯೂಬುಗಳನ್ನು, ಯಾವುದು ಯಾವುದೆಂದು ಹೇಳದೆ ಹಂಚಿದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. 30 ಸಿಕ್ಕವರು ಬಿಸಿಲಲ್ಲಿ ಹೆಚ್ಚು ಹೊತ್ತು ಕಳೆದಿದ್ದರು. ಮೈ ಬೇಗ ಸುಡದಿದ್ದರೆ ಮನುಷ್ಯ ಇನ್ನಷ್ಟು ಹೊತ್ತು ನಿಲ್ಲುತ್ತಾನೆ. ಆದ್ದರಿಂದ ನೆರಳು, ಅಂಗಿ, ಟೋಪಿ ಮೊದಲು. ಅವು ಮುಚ್ಚದೆ ಉಳಿದ ಜಾಗಕ್ಕೆ ಸನ್‌ಸ್ಕ್ರೀನ್. ಸೆರಗನ್ನು ತಲೆಯ ಮೇಲೆಳೆದುಕೊಂಡು ಕಳೆ ಕೀಳುವ ಹೆಂಗಸರು, ಟವೆಲ್ ಸುತ್ತಿ ಉಳುವ ಗಂಡಸರು ಈ ಮೊದಲ ಭಾಗವನ್ನು ಯಾರೂ ಹೇಳದೆಯೇ ಪಾಲಿಸುತ್ತಿದ್ದಾರೆ.

12. ಅಳೆಯಿರಿ, ಆಮೇಲೂ ನಿಲ್ಲಿಸಬೇಡಿ

ವಿಕ್ಟೋರಿಯಾದಲ್ಲಿ 1988ರಲ್ಲಿ ‘ಸನ್‌ಸ್ಮಾರ್ಟ್’ ಎಂಬ ದೊಡ್ಡ ಕಾರ್ಯಕ್ರಮ ಶುರುವಾಯಿತು, ಹಣ ಬಂದದ್ದು ತಂಬಾಕಿನ ಮೇಲಿನ ತೆರಿಗೆಯಿಂದ. ಅದನ್ನು ನಡೆಸಿದವರು ಮೊದಲ ದಿನದಿಂದಲೇ ಲೆಕ್ಕ ಇಟ್ಟರು. ಬೇಸಿಗೆಯಲ್ಲಿ ಸೋಮವಾರ ಮನೆಗಳಿಗೆ ಫೋನ್ ಮಾಡಿ, ವಾರಾಂತ್ಯದಲ್ಲಿ ಏನು ಹಾಕಿಕೊಂಡಿದ್ದಿರಿ, ಏನು ಹಚ್ಚಿದ್ದಿರಿ, ಮೈ ಸುಟ್ಟಿತೇ ಎಂದು ಕೇಳಿದರು. ಮೂರು ಬೇಸಿಗೆಗಳಲ್ಲಿ ಟೋಪಿ ಹಾಕಿದವರು ನೂರಕ್ಕೆ 19ರಿಂದ 29ಕ್ಕೆ, ಸನ್‌ಸ್ಕ್ರೀನ್ ಹಚ್ಚಿದವರು 12ರಿಂದ 21ಕ್ಕೆ ಏರಿದರು. ಮೈ ಸುಟ್ಟುಕೊಂಡವರು 11ರಿಂದ 7ಕ್ಕೆ ಇಳಿದರು. ಎಷ್ಟು ಜನ ಜಾಹೀರಾತು ನೋಡಿದರು ಎಂಬುದಲ್ಲ, ಎಷ್ಟು ಜನ ಟೋಪಿ ಹಾಕಿದರು ಎಂಬುದು ಅವರ ಪ್ರಶ್ನೆಯಾಗಿತ್ತು. ನಿಮ್ಮ ಪ್ರಶ್ನೆಯೂ ಅದೇ ಆಗಿರಲಿ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಆ ಏರಿಕೆ ನಿಂತಿತು. ಟೀವಿ ಜಾಹೀರಾತು ಹೆಚ್ಚು ಬಂದ ಬೇಸಿಗೆಯಲ್ಲಿ ಜನರ ನಡವಳಿಕೆ ಸುಧಾರಿಸುತ್ತದೆ, ಇಲ್ಲದಾಗ ಸಡಿಲವಾಗುತ್ತದೆ ಎಂಬುದು 1987ರಿಂದ 2002ರವರೆಗಿನ ಸಮೀಕ್ಷೆಗಳಲ್ಲಿ ಕಂಡುಬಂತು. ಬಿಡದೆ ಮುಂದುವರಿಸಿದ್ದರಿಂದ, ಈ ಸಂದೇಶ ಕೇಳುತ್ತ ಬೆಳೆದ ತಲೆಮಾರಿನಲ್ಲಿ, ಅಂದರೆ ನಲವತ್ತರ ಒಳಗಿನವರಲ್ಲಿ, ಮೆಲನೋಮ ಇಳಿಮುಖವಾಗಿದೆ. ನೀವು ಮೇಷ್ಟರಾಗಿದ್ದರೆ ನಿಮ್ಮ ತರಗತಿಯ ಒಂದು ಮಗುವಿಗೆ, ವೈದ್ಯರಾಗಿದ್ದರೆ ಕಸಿ ಮಾಡಿಸಿಕೊಂಡ ಒಬ್ಬ ರೋಗಿಗೆ, ಸಂಘ ನಡೆಸುವವರಾಗಿದ್ದರೆ ನಿಮ್ಮ ಮುಂದಿನ ವನಭೋಜನಕ್ಕೆ ತಕ್ಕ ಸಂದೇಶವನ್ನು ಇವತ್ತೇ ಎರಡು ಸಾಲಿನಲ್ಲಿ ಬರೆದಿಡಿ, ಬೇಸಿಗೆ ಮುಗಿಯುವವರೆಗೆ ಪ್ರತಿ ವಾರ ಹೇಳಿ.